ಹಳೆಯ ಬಾವಿಯ ಹೂಳು

ನಿಮ್ಮಲ್ಲಿ ಅನೇಕರು ಇಂದು ತಂತ್ರಾಂಶ ಕ್ಷೇತ್ರದಲ್ಲಿದ್ದೀರಿ. ಇತಿಹಾಸವೆಂದರೆ ಅರಸರ ವಂಶಾವಳಿ ಮಾತ್ರವಲ್ಲವೆಂದು ತರಗತಿಯಲ್ಲಿ ಹೇಳುತ್ತಿದ್ದೆ. ನಿಮ್ಮ ಕ್ಷೇತ್ರದ್ದೇ ನಿದರ್ಶನವೊಂದು ಇಲ್ಲಿದೆ.

1975ರ ಯುನಿಕ್ಸ್ ಆರನೆಯ ಆವೃತ್ತಿಯಲ್ಲಿ 'ಪಿಟ್ರೇಸ್' ಎಂಬ ಸಿಸ್ಟಮ್ ಕಾಲ್ ಇತ್ತು. ಒಂದು ಪ್ರೋಗ್ರಾಮು ಮತ್ತೊಂದನ್ನು ತಡೆದು ನಿಲ್ಲಿಸಿ, ಅದರ ಮೆಮೊರಿಯನ್ನು ಓದಿ ದೋಷ ಹುಡುಕಲು ಅದು ಸಾಧನ. ಲಿನಕ್ಸ್ ಸಹ ಅದನ್ನು ಅಳವಡಿಸಿಕೊಂಡಿತು. ಆದರೆ ಪರೀಕ್ಷಕನ ಅಧಿಕಾರ ದುರ್ಬಳಕೆಗೂ ಒದಗೀತು. 2003ರಲ್ಲಿ ಬಯಲಾದ ಲೋಪವೊಂದರಿಂದ, ಸಾಮಾನ್ಯ ಬಳಕೆದಾರನೂ ಕರ್ನೆಲ್ ಹುಟ್ಟಿಸಿದ ಸಹಾಯಕ ಪ್ರೊಸೆಸ್ಸನ್ನು ಹಿಡಿದು 'ರೂಟ್' ಅಧಿಕಾರ ಪಡೆಯಬಹುದಾಗಿತ್ತು.

ಇನ್ನೊಂದು ತೊಡಕೂ ಇತ್ತು. ಪಿಟ್ರೇಸಿನ 'ಅಟ್ಯಾಚ್' ಕಳುಹಿಸುವ ನಿಲುಗಡೆಯ ಸಂಕೇತವು ನಿಜವಾದ ನಿಲುಗಡೆಯೊಡನೆ ಬೆರೆತು ಗೊಂದಲವಾಗುತ್ತಿತ್ತು. ರೋಲಂಡ್ ಮೆಕ್‌ಗ್ರಾತ್ ರೂಪಿಸಿದ 'ಯುಟ್ರೇಸ್' ಎಂಬ ಹೊಸ ವ್ಯವಸ್ಥೆ ಮುಖ್ಯ ಕರ್ನೆಲನ್ನು ಸೇರಲಿಲ್ಲ. 2011ರಲ್ಲಿ ತೇಜುನ್ ಹಿಯೊ, ಒಲೆಗ್ ನೆಸ್ಟೆರೊವ್ ಮೊದಲಾದವರು ಹಳೆಯ ಸಂಕೇತಭಾಗವನ್ನೇ ತಾಳ್ಮೆಯಿಂದ ಸೋಸಿದರು. 2012ರ ಲಿನಕ್ಸ್ 3.4ರಲ್ಲಿ, ಪ್ರೊಸೆಸ್ಸನ್ನು ನಿಲ್ಲಿಸದೆಯೇ ಹಿಡಿಯುವ 'ಸೀಜ್' ನೆಲೆಗೊಂಡಿತು. 'ಅಟ್ಯಾಚ್' ಮಾತ್ರ ಹಾಗೆಯೇ ಉಳಿಯಿತು; ಅದನ್ನು ನಂಬಿದ ಪ್ರೋಗ್ರಾಮುಗಳು ಕೆಡಬಾರದಷ್ಟೆ.

ಬಾವಿಯ ಹೂಳೆತ್ತಬೇಕು ನಿಜ. ನೀರು ಸೇದಲು ಬಂದವರು ಬರಿಗೊಡದಲ್ಲಿ ಹಿಂದಿರುಗಬಾರದು. ಸುಧಾರಣೆಯ ಪಾಠ ಇಷ್ಟೇ, ಮಕ್ಕಳೇ.