ಕೈಲಾಸ ಎತ್ತಿದವನ ಸೊಂಟ

ಬೇಲೂರಿನ ಚೆನ್ನಕೇಶವ ಗುಡಿಯಲ್ಲೂ ಹಳೇಬೀಡಿನ ಹೊಯ್ಸಳೇಶ್ವರನ ಗೋಡೆಯಲ್ಲೂ ರಾವಣ ಕೈಲಾಸ ಎತ್ತುತ್ತಿದ್ದಾನೆ. ಮೇಲೆ ಶಿವ-ಪಾರ್ವತಿ, ಗಣಗಳು, ಮೃಗಪಕ್ಷಿಗಳು. ಕೆಳಗೆ ಮಂಡಿ ಮಡಚಿ ತಗ್ಗಿರುವ ಲಂಕೇಶ್ವರ. ಗೈಡುಗಳು ಅವನ ತಲೆ ತೋರಿಸುತ್ತಾರೆ, ಕೈ ತೋರಿಸುತ್ತಾರೆ. ಕಾಲು ನೋಡಿ ಎನ್ನುವವರು ಕಡಿಮೆ. ಜಿಮ್‌ಗೆ ಹೊಸದಾಗಿ ಸೇರಿ, ನೆಲದ ಮೇಲಿನ ಭಾರ ಎತ್ತುವ ಡೆಡ್‌ಲಿಫ್ಟ್ ಮಾಡಿ, ಮಾರನೆಯ ದಿನ ಸೊಂಟ ಹಿಡಿದುಕೊಂಡು ಗೋಡೆ ಆತು ಏಳುವ ಹುಡುಗರು ನೋಡಬೇಕಾದದ್ದು ಆ ಕಾಲನ್ನೇ.

ಶಿಲ್ಪಿಗೆ ಈ ಭಂಗಿ ಪುರಾಣದಿಂದ ಮಾತ್ರ ಬಂದಿರಲಾರದು. ಅವನ ಸುತ್ತಲೂ ದಿನವಿಡೀ ಕಲ್ಲು ಏಳುತ್ತಿತ್ತು. ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ, ಹೊಯ್ಸಳೇಶ್ವರ ಗುಡಿಯ ಕೆಲಸ ಶುರುವಾದದ್ದು 1121ರ ಸುಮಾರಿಗೆ, ಅರಸೀಕೆರೆಯ ಈಶ್ವರ ಗುಡಿ 1220ರದ್ದು. ನೂರು ವರ್ಷದ ಈ ಕಟ್ಟೋಣಕ್ಕೆ ಬಳಸಿದ ಬಳಪದ ಕಲ್ಲು ಉಳಿಗೆ ಮೆತ್ತಗೆ, ಬೆನ್ನಿಗಲ್ಲ: ಒಂದು ಘನ ಅಡಿ ಕಲ್ಲು 75ರಿಂದ 80 ಕೆ.ಜಿ. ತೂಗುತ್ತದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕೆತ್ತಿದ ಬೊಂಬೆಗಳ ಅಡಿಯಲ್ಲಿ ಹೆಸರು ಬಿಟ್ಟುಹೋದರು. ಆ ಕಲ್ಲನ್ನು ಗಾಡಿಗೆ ಏರಿಸಿದವರು, ಇಳಿಸಿದವರು ಹೆಸರು ಬಿಟ್ಟಿಲ್ಲ.

ಎತ್ತುವುದನ್ನು ಕೂಲಿಗಲ್ಲದೆ ಕಸುವಿಗಾಗಿ ಕಲಿತವರು ಜಟ್ಟಿಗಳು. ಈ ಗುಡಿಗಳ ಕಾಲದ ಹೊಯ್ಸಳ ದೊರೆ ವಿಷ್ಣುವರ್ಧನ ಯಾರಿಗೆ ಸಾಮಂತನೆನಿಸಿದ್ದನೋ ಆ ಕಲ್ಯಾಣದ ಚಾಳುಕ್ಯರ ದೊರೆ ಮೂರನೆಯ ಸೋಮೇಶ್ವರ, 1130ರ ಆಸುಪಾಸಿನಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗ ಇಟ್ಟ. ಮಲ್ಲರನ್ನು ವಯಸ್ಸು, ಬಲ ನೋಡಿ ವಿಂಗಡಿಸುವುದು, ಅವರಿಗೆ ಬೇಳೆ, ಮಾಂಸ, ಹಾಲು ಒದಗಿಸುವುದು ಎಲ್ಲವೂ ಅಲ್ಲಿದೆ. ಭಾರದ ಸಾಧನೆಗೆ ‘ಭಾರಶ್ರಮ’ ಎಂಬ ಹೆಸರೂ ಇದೆ. ದೊರೆಯೊಬ್ಬ ಪೈಲ್ವಾನರ ಊಟದ ಪಟ್ಟಿ ಬರೆದದ್ದನ್ನು ಇಂದಿನ ಜಿಮ್ ತರಬೇತುದಾರರು ಓದಿದರೆ ಖುಷಿಪಟ್ಟಾರು.

ಮುಂದೆ ಮೈಸೂರು ಸೀಮೆಯ ಗರಡಿಗಳಲ್ಲಿ ಇದೇ ಶಿಸ್ತು ಬೇರೆ ರೂಪದಲ್ಲಿ ಉಳಿಯಿತು. ಗರಡಿಗೆ ಕಾಲಿಟ್ಟ ಹುಡುಗನ ಕೈಗೆ ಮೊದಲ ದಿನವೇ ಗುಂಡುಕಲ್ಲು ಸಿಗುವುದಿಲ್ಲ. ಮಟ್ಟಿ ಅಗೆಯಬೇಕು, ಅಗೆದದ್ದನ್ನು ಹದ ಮಾಡಬೇಕು, ದಂಡೆ ಬಸ್ಕಿ ಹೊಡೆಯಬೇಕು. ಗದೆ, ಕಲ್ಲು ಆಮೇಲಿನ ಮಾತು. ಮಣ್ಣು ಅಗೆಯುವಾಗ ಬಗ್ಗಿ ಏಳುವ ಸೊಂಟಕ್ಕೆ, ತೊಡೆಯ ಹಿಂಭಾಗಕ್ಕೆ ತಿಂಗಳುಗಟ್ಟಲೆ ಪಾಠವಾಗಿರುತ್ತದೆ. ಮೈ ನೊಂದರೆ ಎಣ್ಣೆ ಹಾಕಿ ನೀವುವವರೂ ಅಲ್ಲೇ ಇರುತ್ತಾರೆ. ಮೈಸೂರಿನ ಜಟ್ಟಿ ಮನೆತನಗಳು ಮೂಳೆ ಕೂರಿಸುವುದರಲ್ಲಿ ಹೆಸರಾದದ್ದು ಸುಮ್ಮನೆ ಅಲ್ಲ.

ಕಬ್ಬಿಣದ ಸರಳು ಕನ್ನಡಿಗರ ಕೈಗೆ ಬಂದ ಕಥೆಯಲ್ಲಿ ಬೇಲೂರು ಮತ್ತೆ ಅಡ್ಡಬರುತ್ತದೆ. ಹೊಯ್ಸಳರ ಪಟ್ಟದರಸಿಯ ಮೇಲೆ ‘ಶಾಂತಲಾ’ ಕಾದಂಬರಿ ಬರೆದ ಕೆ.ವಿ. ಅಯ್ಯರ್ ಅವರ ಕಸುಬು ಬರವಣಿಗೆಯಲ್ಲ, ವ್ಯಾಯಾಮ. ಕೋಲಾರದ ಕಡೆಯವರು. 1920ರ ದಶಕದಲ್ಲಿ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದರು. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ತಂದರು. ಗ್ರೀಕ್ ಪ್ರತಿಮೆಗಳ ಭಂಗಿಯಲ್ಲಿ ಫೋಟೊ ತೆಗೆಸಿಕೊಂಡರು, ಅಂಚೆಯ ಮೂಲಕ ಪಾಠ ಕಳಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯವೂ ಅವರಿಗಿತ್ತು. ನಾಟಕಕಾರ ಟಿ.ಪಿ. ಕೈಲಾಸಂ ಅವರ ಆಪ್ತರಾಗಿದ್ದ ಈ ಅಯ್ಯರ್ ಸಾಹಿತ್ಯ ಗೋಷ್ಠಿಯಲ್ಲೂ ಸಲ್ಲುತ್ತಿದ್ದರು, ಬಾರ್‌ಬೆಲ್ ಮುಂದೆಯೂ ಸಲ್ಲುತ್ತಿದ್ದರು. ಅವರ ಪದ್ಧತಿಯ ವಿಶೇಷ ಎಂದರೆ ಬಾರ್‌ಬೆಲ್ಲನ್ನು ಒಂಟಿಯಾಗಿ ಬಿಡದೆ ಸೂರ್ಯನಮಸ್ಕಾರ, ಆಸನಗಳ ಜೊತೆ ಕೂಡಿಸಿದ್ದು. ಮೈ ಬಲಿಯಬೇಕು, ಬಾಗಲೂಬೇಕು. ಈಗಿನ ಜಿಮ್‌ಗಳು ಸರಳನ್ನು ಉಳಿಸಿಕೊಂಡು ನಮಸ್ಕಾರವನ್ನು ಕೈಬಿಟ್ಟವು.

ಅಯ್ಯರ್ ಇನ್ನೂ ಬಾಲಕನಾಗಿದ್ದಾಗಲೇ, 1902ರಲ್ಲಿ, ಅಮೆರಿಕದ ಶರೀರಶಾಸ್ತ್ರಜ್ಞ ಥಿಯೋಡರ್ ಹಫ್ ಹೊಸಬರ ನೋವಿನ ಬೆನ್ನುಹತ್ತಿದ್ದರು. ದಣಿವು ಬೇರೆ, ಮರುದಿನದ ನೋವು ಬೇರೆ ಎಂದು ಗುರುತಿಸಿ, ಅಭ್ಯಾಸವಿಲ್ಲದ ಸ್ನಾಯುವಿನ ಒಳಗೇ ಏನೋ ಹರಿದಿರಬೇಕು ಎಂದರು. ಇಂಥ ನೋವು ಸಾಮಾನ್ಯವಾಗಿ ಒಂದರಿಂದ ಮೂರು ದಿನದೊಳಗೆ ಏರಿ ತಾನಾಗಿ ಇಳಿಯುತ್ತದೆ. ಕಾಲಿಗಿಳಿಯುವ ಸೆಳೆತ, ಜೋಮು ಮಾತ್ರ ಬೇರೆ ಜಾತಿ. ಅದು ವೈದ್ಯರ ಪಾಲು.

ಸೊಂಟವೇ ಏಕೆ ಮೊದಲು ಸಿಗುತ್ತದೆ ಎಂಬುದಕ್ಕೆ ಲೆಕ್ಕವಿದೆ. ಬೆನ್ನಿನ ಸ್ನಾಯುಗಳು ಬೆನ್ನುಮೂಳೆಯ ನಡುವಿನಿಂದ ಸುಮಾರು 5 ಸೆಂ.ಮೀ. ದೂರದಲ್ಲಿವೆ. ಬೆನ್ನು ಬಾಗಿಸಿ 20 ಕೆ.ಜಿ.ಯನ್ನು 40 ಸೆಂ.ಮೀ. ಮುಂದೆ ಹಿಡಿದರೆ, ಮೈಯ ತೂಕ ಬಿಟ್ಟು, ಆ ಸ್ನಾಯುಗಳು 160 ಕೆ.ಜಿ.ಯಷ್ಟು ಎಳೆಯಬೇಕಾಗುತ್ತದೆ. ಸರಳು ಮೊಣಕಾಲ ಮೂಳೆಗೆ ತಾಗುವಷ್ಟು ಹತ್ತಿರ ಬಂದರೆ ಹೊರೆ ಬಹಳಷ್ಟು ಇಳಿಯುತ್ತದೆ.

ಈ ಲೆಕ್ಕವನ್ನು ಅರಸೀಕೆರೆಯ ಕೊಬ್ಬರಿ ಮಾರುಕಟ್ಟೆಯಲ್ಲಿ ಬಾಯಲ್ಲಿ ಹೇಳುವುದಿಲ್ಲ, ಮಾಡಿ ತೋರಿಸುತ್ತಾರೆ. ಹಮಾಲಿ ಮೂಟೆಯನ್ನು ಒಬ್ಬನೇ ನೆಲದಿಂದ ಕೀಳುವುದಿಲ್ಲ. ಇಬ್ಬರು ಮೂಲೆ ಹಿಡಿದು ಎತ್ತಿಕೊಡುತ್ತಾರೆ, ಅವನು ಮಂಡಿ ಬಗ್ಗಿಸಿ ಬೆನ್ನು ಕೊಡುತ್ತಾನೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿ ಹೊರೆಯ ಮಿತಿ ಕುರಿತ ಒಪ್ಪಂದ ಮಾಡಿದಾಗ ಅದರ ಜೊತೆಗಿನ ಶಿಫಾರಸಿನಲ್ಲಿ ವಯಸ್ಕ ಗಂಡಾಳಿಗೆ 55 ಕೆ.ಜಿ. ಗಡಿ ಎಳೆಯಿತು. ಜಿಮ್‌ನ ಒಲಿಂಪಿಕ್ ಸರಳೊಂದೇ 20 ಕೆ.ಜಿ.; ಎರಡೂ ತುದಿಗೆ 20ರ ಒಂದೊಂದು ಪ್ಲೇಟ್ ಸಿಕ್ಕಿಸಿದರೆ 60. ಹೊಸಬ ಮೊದಲ ವಾರದಲ್ಲೇ ಕೈಹಾಕುವುದು ಅದಕ್ಕೆ: ಹಮಾಲಿಯ ಗಡಿಗಿಂತ 5 ಕೆ.ಜಿ. ಹೆಚ್ಚು, ಅದೂ ಮೂಲೆ ಹಿಡಿಯುವ ಇಬ್ಬರಿಲ್ಲದೆ.