ಸುಲಿಯೋ ಮಷಿನ್ ಬಂದ ವರ್ಷ

ಮೊನ್ನೆ ಚಹಾದಂಗಡಿಯಲ್ಲಿ ಮಾತು ಬಂತು, ‘ಆಳು ಸಿಗದೇ ಅಲ್ವಾ ಅಡಿಕೆ ಸುಲಿಯೋ ಮಷಿನ್ ಬಂದಿದ್ದು’ ಅಂತ. ನಾನೂ ಹೂಂಗುಟ್ಟಿದೆ. ಮನೆಗೆ ಬಂದು ಹಳೇ ಕೂಲಿ ಪುಸ್ತಕ ತೆಗೆದ್ರೆ ಲೆಕ್ಕ ಬೇರೇನೇ ಹೇಳ್ತಿದೆ.

ಚನ್ನಗಿರಿ, ಭದ್ರಾವತಿ ಕಡೆ ಕೆಂಪಡಿಕೆ ಮಾಡೋರಿಗೆ ಹೇಳಬೇಕಿಲ್ಲ, ಹಸಿ ಗೊನೆ ಇಳಿಸಿದ ಮೇಲೆ ಕಾಯೋ ಹಾಗಿಲ್ಲ. ಸುಲಿದು, ಚೊಗರಲ್ಲಿ ಬೇಯಿಸಿ, ಬಿಸಿಲಿಗೆ ಹಾಕಲೇಬೇಕು. ಅದಕ್ಕೇ ಸುಲಿತ ರಾತ್ರಿ ಕೆಲಸವಾಗಿತ್ತು. ಹಗಲು ಗದ್ದೆಗೆ ಹೋದ ಹೆಂಗಸರು ಉಂಡು ಬಂದು ಮೆಟ್ಟುಗತ್ತಿ ಮುಂದೆ ಕೂರೋರು. ಕೂಲಿ ದಿನಕ್ಕಲ್ಲ, ಡಬ್ಬಿಗೆ. ಹಾಗಾಗಿ ಮುದುಕಿಯರಿಗೂ, ಕೂಸು ಮಲಗಿಸಿಕೊಂಡು ಬರೋರಿಗೂ ಜಾಗ ಇತ್ತು. ನಿಧಾನ ಅಂತ ಯಾರೂ ಬೈತಿರಲಿಲ್ಲ. ದುಡ್ಡು ನೇರ ಅವರ ಕೈಗೇ ಹೋಗ್ತಿತ್ತು.

ಭದ್ರಾ ನಾಲೆ ಬಯಲಲ್ಲಿ ಭತ್ತದ ಗದ್ದೆಗಳು ಒಂದೊಂದಾಗಿ ತೋಟ ಆದವು. ನಾಟಿ, ಕಳೆ, ಕೊಯ್ಲು ಅಲ್ಲಿಗೇ ಕಮ್ಮಿಯಾಯ್ತು. ಅವರಿಗೆ ಉಳಿದಿದ್ದು ಸುಲಿತ. ಅಡಿಕೆ ಹೆಚ್ಚಾದ ಹಾಗೆ ಅದೂ ಹೆಚ್ಚಿತ್ತು. ಈಗಿನ ಬೆಳೆಯನ್ನೆಲ್ಲ ಕೈಯಲ್ಲಿ ಸುಲಿಯೋದು ಆಗದ ಮಾತು, ಅದನ್ನ ಒಪ್ತೀನಿ.

ಆದ್ರೆ ನನ್ನ ಪುಸ್ತಕದ 2006ರ ಪುಟದಲ್ಲಿ 11 ಹೆಂಗಸರ ಹೆಸರಿದೆ. 2007ರಲ್ಲಿ 4, ಅದೂ ಮಷಿನ್ ಬಿಟ್ಟ ಕಾಯಿ ಆರಿಸೋಕೆ. ನಡುವೆ ಯಾರೂ ‘ಬರಲ್ಲ’ ಅಂದಿರಲಿಲ್ಲ. ಪಕ್ಕದ ತೋಟದವರು ಮಷಿನ್ ಕರೆಸಿದ್ರು. ರಾತ್ರಿ ಕಾಫಿ, ಕರೆಂಟು, ಡಬ್ಬಿ ಎಣಿಸೋ ರಗಳೆ ತಪ್ಪುತ್ತೆ ಅಂತ ನಾನೂ ಕರೆಸಿದೆ. ಆಳು ಸಿಗದೇ ಹೋಗಿದ್ದು ಆಮೇಲೆ. ಗಾರ್ಮೆಂಟ್ಸ್ ಬಸ್ಸು ಊರಿಗೆ ಬಂದಿದ್ದೂ ಆಮೇಲೆಯೇ.

ಹೊಸ ಕೆಲಸ ಹುಟ್ಟಲಿಲ್ಲ ಅಂತಲ್ಲ. ಮಷಿನ್ ಓಡಿಸೋರು, ಟ್ರ್ಯಾಕ್ಟರಿನವರು, ವೆಲ್ಡಿಂಗ್ ಶಾಪು, ಚೇಣಿ ಹಿಡಿಯೋರು. ನಾನು ಕಂಡ ಮಟ್ಟಿಗೆ ಎಲ್ಲಾ ಗಂಡಸರೇ.

ಪುಸ್ತಕದಲ್ಲಿ ಮೊದಲ ಹೆಸರಿನ ಅಜ್ಜಿ ಆಮೇಲೂ ಮೂರು ವರ್ಷ ಕೊಯ್ಲಿನ ಹೊತ್ತಿಗೆ ಬಂದು ‘ಸುಲಿತ ಐತಾ?’ ಅಂತ ಕೇಳ್ತಿದ್ಲು. ‘ಮುಂದಿನ ವಾರ ನೋಡಾಣ’ ಅಂತಿದ್ದೆ. ಅವಳ ಮೆಟ್ಟುಗತ್ತಿ ನಮ್ಮನೆ ಅಟ್ಟದ ಮೇಲೇ ಇದೆ, ವಾಪಸ್ ಕೇಳಲೇ ಇಲ್ಲ.

ನಿಮ್ಮಲ್ಲೂ ಹಳೇ ಕೂಲಿ ಪುಸ್ತಕ ಇದ್ರೆ ಮಷಿನ್ ಬಂದ ವರ್ಷದ ಪುಟ ತೆಗೆದು ನೋಡಿ. ಮೊದಲು ಬಿಟ್ಟಿದ್ದು ಅವರೋ ನಾವೋ, ಇಲ್ಲಿ ಬರೀರಿ.