ಮೂರನೆಯ ಫೇಸ್ ಎಲ್ಲಿಂದ ತರುವುದು?

ಕಾರ್ಖಾನೆ ಮಾರಿದ ಹಳೆಯ ಲೇತನ್ನೋ ಮರ ನಯಗೊಳಿಸುವ ಪ್ಲೇನರನ್ನೋ ಕೊಂಡು ಮನೆಯ ಹಿಂದಿನ ಶೆಡ್ಡಿನಲ್ಲಿ ಇಳಿಸಿಕೊಂಡವರಿಗೆ ಕರೆಂಟಿನ ಚಿಂತೆ ಅಲ್ಲಿಂದಲೇ ಶುರು. ಯಂತ್ರದ ಮೋಟರು ಕೇಳುವುದು 415 ವೋಲ್ಟಿನ ಮೂರು ಫೇಸ್. ಮನೆಯ ಮೀಟರಿನಿಂದ ಬರುವುದು 230 ವೋಲ್ಟಿನ ಒಂದು ಫೇಸ್, ಜೊತೆಗೊಂದು ನ್ಯೂಟ್ರಲ್. ಈ ಕೊರತೆ ತುಂಬಲು ನೂರು ವರ್ಷಕ್ಕೂ ಮೀರಿ ನಡೆದ ಪ್ರಯತ್ನಗಳಲ್ಲಿ ಎಲ್ಲರ ಗಮನ ಹೋದದ್ದು ಹೊರಗೆ ಕೂರಿಸುವ ಪೆಟ್ಟಿಗೆಯ ಮೇಲೆ. ನನ್ನ ಮಟ್ಟಿಗೆ ಅರ್ಧ ತೀರ್ಮಾನವಾಗುವುದು ಮೋಟರಿನ ಒಳಗೆ, ಅದರ ವೈಂಡಿಂಗಿನಲ್ಲಿ.

1888ರಲ್ಲಿ ಇಟಲಿಯ ಗೆಲಿಲಿಯೊ ಫೆರಾರಿಸ್ ಮತ್ತು ಅಮೆರಿಕದಲ್ಲಿದ್ದ ನಿಕೊಲಾ ಟೆಸ್ಲಾ, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ತಿರುಗುವ ಕಾಂತಕ್ಷೇತ್ರದ ಮೋಟರನ್ನು ಲೋಕದ ಮುಂದಿಟ್ಟರು. ಮರುವರ್ಷ ಜರ್ಮನಿಯಲ್ಲಿ ಡೊಲಿವೊ-ಡೊಬ್ರೊವೊಲ್ಸ್ಕಿ ಅದಕ್ಕೆ ಮೂರು ಫೇಸಿನ ರೂಪ ಕೊಟ್ಟರು. 1891ರಲ್ಲಿ ಲಾಫೆನ್‌ನಿಂದ ಫ್ರಾಂಕ್‌ಫರ್ಟ್‌ಗೆ 175 ಕಿಲೋಮೀಟರ್ ದೂರ ಮೂರು ಫೇಸ್ ವಿದ್ಯುತ್ ಹರಿಯಿತು. ಹನ್ನೊಂದು ವರ್ಷ ಕಳೆಯುವುದರೊಳಗೆ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿ ಮುಟ್ಟಿತ್ತು. ಕಾರ್ಖಾನೆಗಳು ಮೂರು ಫೇಸಿಗೆ ಒಗ್ಗಿಕೊಂಡವು. ಮನೆಗೆ ದೀಪ ಸಾಕಿತ್ತು, ಎರಡು ವೈರಿನಲ್ಲಿ ಕೆಲಸ ಮುಗಿಯಿತು.

ಮೂರು ಫೇಸ್ ಇದ್ದಾಗ ಮೋಟರಿನ ಕದಲದ ಭಾಗವಾದ ಸ್ಟೇಟರಿನ ಒಳಗೆ ಕಾಂತಕ್ಷೇತ್ರ ತಾನಾಗಿ ಸುತ್ತುತ್ತದೆ, ತಿರುಗುವ ಭಾಗವಾದ ರೋಟರ್ ಅದರ ಬೆನ್ನು ಹತ್ತುತ್ತದೆ. ಒಂದೇ ಫೇಸ್ ಕೊಟ್ಟರೆ ಕ್ಷೇತ್ರ ಉಯ್ಯಾಲೆಯಂತೆ ಹಿಂದೆ ಮುಂದೆ ಆಡುತ್ತದೆ ಅಷ್ಟೆ. ಮೋಟರು ಗುಂಯ್‌ಗುಟ್ಟುತ್ತಾ ನಿಂತಲ್ಲೇ ಕಾಯುತ್ತದೆ. ಹಗ್ಗ ಸುತ್ತಿ ಎಳೆದು ಒಮ್ಮೆ ತಿರುಗಿಸಿಬಿಟ್ಟರೆ ಮಾತ್ರ, ಆ ದಿಕ್ಕಿನಲ್ಲಿ ಓಡುತ್ತಲೇ ಇರುತ್ತದೆ. ಹಾಗೆ ಓಡುವ ಮೋಟರಿನ ಖಾಲಿ ಬಿಟ್ಟ ಮೂರನೆಯ ತುದಿಯಲ್ಲೂ ವೋಲ್ಟೇಜ್ ಹುಟ್ಟುತ್ತದೆ. ಒಂದು ಮೋಟರು ಇನ್ನೊಂದಕ್ಕೆ ಮೂರನೆಯ ಫೇಸ್ ಕೊಡಬಲ್ಲದು ಎಂಬ ಈ ಗುಣವನ್ನು ಬಳಸಿಕೊಂಡ ಕನ್ವರ್ಟರಿಗೆ ಟ್ಯೂರಿನ್‌ನ ರಿಕಾರ್ಡೊ ಆರ್ನೊ ಅವರ ಹೆಸರೇ ನಿಂತಿದೆ. ನಮ್ಮ ರೈಲ್ವೆಯವರಿಗೆ ಆ ಹೆಸರು ಚೆನ್ನಾಗಿ ಗೊತ್ತು. ತಲೆಯ ಮೇಲಿನ ತಂತಿಯಲ್ಲಿರುವುದು 25,000 ವೋಲ್ಟಿನ ಒಂದೇ ಫೇಸ್. ಎಂಜಿನ್ನಿನೊಳಗಿನ ಬ್ಲೋವರ್, ಕಂಪ್ರೆಸರ್‌ಗಳಿಗೆ ಬೇಕಾದದ್ದು ಮೂರು. ಡಬ್ಲ್ಯುಎಜಿ-5, ಡಬ್ಲ್ಯುಎಪಿ-4 ಎಂಜಿನ್ನುಗಳಲ್ಲಿ ದಶಕಗಟ್ಟಲೆ ಆ ಕೆಲಸ ಮಾಡಿದ್ದು ಆರ್ನೊ ಕನ್ವರ್ಟರು. ಈಚೆಗೆ ಅದರ ಜಾಗಕ್ಕೆ ಎಲೆಕ್ಟ್ರಾನಿಕ್ ಕನ್ವರ್ಟರು ಬಂದಿದೆ.

ವರ್ಕ್‌ಶಾಪಿನ ರೋಟರಿ ಕನ್ವರ್ಟರೂ ಇದೇ ಜಾತಿ. ಓಡಿಸಬೇಕಾದ ಮೋಟರಿಗಿಂತ ದೊಡ್ಡದೊಂದನ್ನು ಮೂಲೆಯಲ್ಲಿ ಬರಿದೇ ತಿರುಗಲು ಬಿಡುತ್ತಾರೆ. ಸದ್ದು ಹೆಚ್ಚು, ಕೆಲಸವಿಲ್ಲದಾಗಲೂ ಕರೆಂಟ್ ತಿನ್ನುತ್ತದೆ. ಆದರೆ ಎಷ್ಟೋ ಯಂತ್ರಗಳನ್ನು ಒಟ್ಟಿಗೆ ಸಾಕುತ್ತದೆ, ಕೆಟ್ಟರೆ ಊರಿನ ವೈಂಡಿಂಗ್ ಅಂಗಡಿಯಲ್ಲೇ ರಿಪೇರಿಯಾಗುತ್ತದೆ.

ಎಲ್ಲಕ್ಕಿಂತ ಅಗ್ಗದ ದಾರಿ ಕಂಡೆನ್ಸರಿನದು. ಡೆಲ್ಟಾದಲ್ಲಿ, ಅಂದರೆ ಮೂರು ವೈಂಡಿಂಗುಗಳನ್ನು ತ್ರಿಕೋನವಾಗಿ ಜೋಡಿಸಿದ ಮೋಟರಿನ ಮೂರನೆಯ ತುದಿಗೆ, ಒಂದು ಕಿಲೋವ್ಯಾಟಿಗೆ ಸುಮಾರು 70 ಮೈಕ್ರೋಫ್ಯಾರಡ್ ಲೆಕ್ಕದಲ್ಲಿ ಕಂಡೆನ್ಸರ್ ಹಾಕುವ ಈ ಜೋಡಣೆಗೆ ಸ್ಟೈನ್‌ಮೆಟ್ಜ್ ಹೆಸರಿದೆ. ಗ್ರೈಂಡರು, ಸಣ್ಣ ಡ್ರಿಲ್ಲಿಂಗ್ ಮೆಷಿನ್ನಿಗೆ ಇಷ್ಟು ಸಾಕು. ಆದರೆ ಒಂದು ಅಳತೆಯ ಕಂಡೆನ್ಸರ್ ಒಂದೇ ಭಾರಕ್ಕೆ ಹೊಂದುತ್ತದೆ. ಭಾರ ಏರಿಳಿದರೆ ಯಾವುದೋ ಒಂದು ವೈಂಡಿಂಗ್ ಕಾಯುತ್ತದೆ. ಶಕ್ತಿಯೂ ಪೂರ್ತಿ ಸಿಗುವುದಿಲ್ಲ, ಮೂರನೇ ಎರಡು ಪಾಲೆಂದು ಹಿಡಿದುಕೊಳ್ಳುವುದು ಕ್ಷೇಮ.

ನಮ್ಮ ಹಳ್ಳಿಗಳಲ್ಲಿ ಈ ತಂತ್ರ ವರ್ಕ್‌ಶಾಪಿಗಿಂತ ಕೊಳವೆಬಾವಿಗಳಲ್ಲೇ ಹೆಚ್ಚು ನಡೆಯಿತು. ಮೂರು ಫೇಸ್ ಬರುವುದು ಕೆಲವೇ ಗಂಟೆ. ಮಿಕ್ಕ ಹೊತ್ತು ದೀಪಕ್ಕೆಂದು ಬಿಡುವ ಸಿಂಗಲ್ ಫೇಸಿನಲ್ಲಿ ರೈತರು ಕಂಡೆನ್ಸರ್ ಹಾಕಿ ಪಂಪ್ ಓಡಿಸಿದರು. ಗುಜರಾತಿನಲ್ಲಿ ಈ ಸಾಧನಕ್ಕೆ ತೋತಾ ಎನ್ನುತ್ತಿದ್ದರು. ಎಲ್ಲ ಭಾರವೂ ಒಂದೇ ಫೇಸಿನ ಮೇಲೆ ಬಿದ್ದು ಟ್ರಾನ್ಸ್‌ಫಾರ್ಮರ್ ಸುಡುತ್ತಿತ್ತು, ಊರಿನ ದೀಪ ಮಂಕಾಗುತ್ತಿತ್ತು. ಬೆಳೆ ಒಣಗುವಾಗ ನೀರು ಬೇಕೆಂದವರನ್ನು ಬೈದು ಫಲವಿಲ್ಲ. ತಪ್ಪು ಸರಬರಾಜಿನ ಏರ್ಪಾಟಿನದು. ಗುಜರಾತಿನ ಜ್ಯೋತಿಗ್ರಾಮ, ನಮ್ಮ ನಿರಂತರ ಜ್ಯೋತಿ ಯೋಜನೆಗಳು ಮನೆಗೊಂದು, ಪಂಪಿಗೊಂದು ಫೀಡರ್ ಬೇರೆ ಮಾಡಿದ್ದು ಸರಿಯಾದ ದಿಕ್ಕಿನ ಕೆಲಸ.

ನಿಜವಾದ ತಿರುವು ತಂದದ್ದು ಡ್ರೈವ್ ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆ. ಡೆನ್ಮಾರ್ಕಿನ ಡ್ಯಾನ್‌ಫಾಸ್ 1968ರಲ್ಲೇ ಇದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ಆದರೆ ಅದು ಅಂಗೈಯಗಲಕ್ಕೆ ಇಳಿದು ಸಾಮಾನ್ಯರ ಕೈಗೆಟುಕಿದ್ದು ಐಜಿಬಿಟಿ ಎಂಬ ಸ್ವಿಚ್ಚಿನಿಂದ. 1980ರ ದಶಕದ ಆರಂಭದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಅದನ್ನು ರೂಪಿಸಿದವರು ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದ ಬಿ. ಜಯಂತ್ ಬಾಳಿಗ. 2024ರಲ್ಲಿ ಅವರಿಗೆ ಫಿನ್ಲೆಂಡಿನ ಮಿಲೆನಿಯಂ ತಂತ್ರಜ್ಞಾನ ಪ್ರಶಸ್ತಿ ಬಂತು. ಪೀಣ್ಯದ ಪ್ರತಿ ಶೆಡ್ಡಿಗೂ ಈ ಹೆಸರು ಪರಿಚಯವಾಗಬೇಕು ಎಂಬುದು ನನ್ನ ಆಸೆ.

ಡ್ರೈವ್ ಮನೆಯ 230 ವೋಲ್ಟನ್ನು ಸುಮಾರು 325 ವೋಲ್ಟಿನ ಡಿಸಿ ಮಾಡಿ, ಆರು ಸ್ವಿಚ್ಚುಗಳಿಂದ ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಮೂರು ಫೇಸ್ ಕಟ್ಟಿಕೊಡುತ್ತದೆ. ಮೋಟರು ಮೆಲ್ಲಗೆ ಏಳುತ್ತದೆ, ವೇಗ ಬೇಕಾದಂತೆ ಸಿಗುತ್ತದೆ. ಆದರೆ ಸಾಮಾನ್ಯ ಡ್ರೈವಿನಿಂದ ಹೊರಬರುವ ಮೂರು ಫೇಸ್ ಕೂಡ 230 ವೋಲ್ಟಿನದೇ. ನಮ್ಮ ಮೂರು ಎಚ್‌.ಪಿ.ವರೆಗಿನ ಮೋಟರುಗಳು ಬಹುಮಟ್ಟಿಗೆ 415 ವೋಲ್ಟಿಗೆ ಸ್ಟಾರ್ ಕಟ್ಟಿದವು, ಅಂದರೆ ಮೂರು ವೈಂಡಿಂಗುಗಳ ಒಂದೊಂದು ತುದಿ ಒಂದೇ ಗಂಟಿನಲ್ಲಿ ಸೇರಿದವು. 415ನ್ನು 1.732ರಿಂದ ಭಾಗಿಸಿದರೆ 240. ಅಂದರೆ ಅದೇ ಮೋಟರನ್ನು ಡೆಲ್ಟಾಕ್ಕೆ ಬದಲಿಸಿದರೆ ಮನೆಯ ವೋಲ್ಟೇಜಿಗೆ ಕೂರುತ್ತದೆ. ಟರ್ಮಿನಲ್ ಪೆಟ್ಟಿಗೆಯಲ್ಲಿ ಆರು ತುದಿಗಳಿದ್ದರೆ ಪಟ್ಟಿ ಬದಲಿಸುವುದು ಹತ್ತು ನಿಮಿಷದ ಕೆಲಸ. ಮೂರೇ ಇದ್ದರೆ ಮೋಟರು ಬಿಚ್ಚಬೇಕು. ವಾರ್ನಿಷ್ ಕುಡಿದು ಗಟ್ಟಿಯಾದ ಸುರುಳಿಗಳ ನಡುವೆ, ದಾರದ ಕಟ್ಟಿನ ಕೆಳಗೆ, ಸ್ಲೀವ್ ಹೊದ್ದು ಆ ಬೆಸುಗೆಯ ಗಂಟು ಅಡಗಿರುತ್ತದೆ. ಅದನ್ನು ತಂತಿಯ ಇನ್ಸುಲೇಷನ್‌ಗೆ ಗೀರೂ ಬೀಳದಂತೆ ಬಿಡಿಸಿ, ಮೂರು ತುದಿಗಳಿಗೂ ಬೇರೆ ಬೇರೆ ವೈರ್ ಬೆಸೆದು ಹೊರತರಬೇಕು. ಒಳ್ಳೆಯ ವೈಂಡಿಂಗ್ ಕೆಲಸಗಾರರ ಬೆರಳುಗಳಿಗಷ್ಟೇ ಒಲಿಯುವ ಕೆಲಸ ಇದು.

ಯಂತ್ರದ ಹಳೆಯ ಫಾರ್ವರ್ಡ್-ರಿವರ್ಸ್ ಸ್ವಿಚ್ಚನ್ನು ಡ್ರೈವಿಗೂ ಮೋಟರಿಗೂ ನಡುವೆ ಬಿಡಬಾರದು. ಓಡುವಾಗ ಅದನ್ನು ತಿರುವಿದರೆ ಡ್ರೈವ್ ಸುಡಬಹುದು. ಅದರ ವೈರುಗಳು ಹೋಗಬೇಕಾದದ್ದು ಡ್ರೈವಿನ ಕಂಟ್ರೋಲ್ ತುದಿಗಳಿಗೆ. ತೀರ ನಿಧಾನವಾಗಿ ಬಹಳ ಹೊತ್ತು ಓಡಿಸಿದರೆ ಮೋಟರಿನ ಸ್ವಂತ ಫ್ಯಾನಿನ ಗಾಳಿ ಸಾಲದು. ಮೂರು ಎಚ್‌.ಪಿ. ಮೀರಿದ ಯಂತ್ರಕ್ಕಂತೂ ಎಸ್ಕಾಂನಿಂದ ಮೂರು ಫೇಸ್ ಸಂಪರ್ಕ ಪಡೆಯುವುದೇ ಲೇಸು.

ಈಗ ಟೈಲರ್ ಅಂಗಡಿಯ ಹೊಲಿಗೆ ಯಂತ್ರಗಳಿಗೆ ಬರುತ್ತಿರುವ ಸರ್ವೋ ಮೋಟರುಗಳಲ್ಲೂ ಬಿಎಲ್‌ಡಿಸಿ ಸೀಲಿಂಗ್ ಫ್ಯಾನುಗಳಲ್ಲೂ ಒಳಗೆ ಕೆಲಸ ಮಾಡುತ್ತಿರುವುದು ಮೂರು ಫೇಸಿನ ವೈಂಡಿಂಗೇ. ಮೋಟರನ್ನೂ ಅದರ ಡ್ರೈವನ್ನೂ ಕಾರ್ಖಾನೆಯಲ್ಲೇ ಒಂದಕ್ಕೊಂದು ಹೊಂದಿಸಿ ಕೊಡುವುದರಿಂದ, ಗೋಡೆಯ ಮಾಮೂಲಿ ಸಾಕೆಟ್ಟಿಗೆ ಪ್ಲಗ್ ಚುಚ್ಚಿದರೆ ಕೆಲಸ ಶುರು.